ಡ್ರಾಯಿಂಗ್ ಆಮೇಲೆ, ಮೊದಲು ಶರತ್ತು ಓದಿ

ನಮ್ಮ ಸೈಟಿಗೆ ಹೊಸದಾಗಿ ಸೇರುವ ಎಂಜಿನಿಯರ್‌ಗಳು ಬಂದ ಕೂಡಲೇ ಕೇಳುವುದು ಡ್ರಾಯಿಂಗ್. ನಾನು ಕೈಗೆ ಕೊಡುವುದು ಡಿಸಿಷನ್ ನೋಟಿಸ್. ಪ್ಲಾನಿಂಗ್ ಪರ್ಮಿಷನ್, ಅಂದರೆ ಕಟ್ಟಲು ಅನುಮತಿ, ಕೊಟ್ಟಾಗ ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರು ಕಳಿಸುವ ಕಾಗದ ಅದು. ಮೊದಲ ಪುಟದಲ್ಲಿ ಅನುಮತಿ ಕೊಟ್ಟಿದ್ದೇವೆ ಎಂದಿರುತ್ತದೆ. ಅದರ ಹಿಂದೆ ಪುಟಗಟ್ಟಲೆ ಶರತ್ತು. ಓದಲು ಬೇಜಾರು, ನಿಜ. ಆದರೆ ಇಂಗ್ಲೆಂಡಿನ ಹಳ್ಳಿಯಲ್ಲಿ ಮನೆ ಎಲ್ಲಿ ಏಳಬೇಕು ಅನ್ನುವುದಷ್ಟೇ ಡ್ರಾಯಿಂಗ್‌ನಲ್ಲಿ ಇರುತ್ತದೆ. ಯಾವಾಗ ಏಳುತ್ತದೆ, ಏಳುತ್ತದೋ ಇಲ್ಲವೋ ಅನ್ನುವುದು ಆ ಶರತ್ತುಗಳಲ್ಲಿ ಇರುತ್ತದೆ.

ನನ್ನ ಊರು ಗದಗದ ಕಡೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೆಲಸ ನೋಡಿಕೊಂಡಿದ್ದವನು, ಈಗ ಬ್ಯಾನ್‌ಬರಿ ಸುತ್ತಲಿನ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟುವ ಕಂಪನಿಯೊಂದರಲ್ಲಿ ಅಸಿಸ್ಟೆಂಟ್ ಸೈಟ್ ಮ್ಯಾನೇಜರ್. ಆಕ್ಸ್‌ಫರ್ಡ್‌ಶೈರ್, ವಾರಿಕ್‌ಶೈರ್ ಸೇರುವ ಜಾಗ ಇದು. ಸೈಟುಗಳು ಸಣ್ಣವು. ಊರಂಚಿನಲ್ಲಿ ಕುರಿ ಮೇಯುತ್ತಿದ್ದ ಒಂದು ಹೊಲ, ಅದರಲ್ಲಿ ಹತ್ತೋ ಇಪ್ಪತ್ತೋ ಮನೆ. ಬೆಂಗಳೂರಿನಲ್ಲಿ ಒಂದೇ ಟವರಿನಲ್ಲಿ ಅದರ ಹತ್ತರಷ್ಟು ಮನೆ ಇರುತ್ತಿದ್ದವು. ಆದರೂ ತಲೆನೋವು ಇಲ್ಲೇ ಜಾಸ್ತಿ.

ಶರತ್ತು ಓದುವಾಗ ಮೊದಲು ಹುಡುಕಬೇಕಾದದ್ದು ಅದು ಏನು ಕೇಳುತ್ತದೆ ಅಂತಲ್ಲ, ಯಾವಾಗ ಕೇಳುತ್ತದೆ ಅಂತ. ಕೆಲವು ಶರತ್ತುಗಳು ನೆಲಕ್ಕೆ ಸಲಿಕೆ ಹಾಕುವ ಮುಂಚೆಯೇ ತೀರಬೇಕು. ಕೆಲವು ತಳಪಾಯದ ಸ್ಲ್ಯಾಬ್ ದಾಟುವ ಮುಂಚೆ. ಇನ್ನು ಕೆಲವು ಮೊದಲ ಮನೆಗೆ ಜನ ಬರುವ ಮುಂಚೆ. ಇವಕ್ಕೆ ಕೌನ್ಸಿಲ್‌ಗೆ ಮತ್ತೆ ಅರ್ಜಿ ಹಾಕಿ, 'ಇದು ಸರಿ ಇದೆ' ಎಂದು ಬರೆಸಿಕೊಳ್ಳಬೇಕು. ಅದಕ್ಕೆ ಕೌನ್ಸಿಲ್‌ಗೆ ಇರುವ ಗಡುವು 8 ವಾರ. ಮೊದಲ ಬಗೆಯ ಶರತ್ತನ್ನು ಬಿಟ್ಟು ಅಗೆಯಲು ಶುರು ಮಾಡಿದರೆ, ಆ ಶುರುವೇ ಕಾನೂನು ಪ್ರಕಾರ ಶುರುವಲ್ಲ ಎಂದಾಗಬಹುದು. ಪರ್ಮಿಷನ್‌ಗೆ ಸಾಮಾನ್ಯವಾಗಿ 3 ವರ್ಷದ ಆಯುಸ್ಸು. ಕೊನೆಯ ತಿಂಗಳಲ್ಲಿ ಹೀಗಾದರೆ ಪರ್ಮಿಷನ್ನೇ ಹೋಯಿತು.

ಬೇಲಿಯ ವಿಷಯ ಹೇಳುತ್ತೇನೆ. ಹಳ್ಳಿಯ ಹೊಲಕ್ಕೆ ಸುತ್ತಲೂ ಪೊದೆಯ ಬೇಲಿ ಇರುತ್ತದೆ, ಹಾಥಾರ್ನ್ ಮುಳ್ಳುಗಿಡದ್ದು. ಲಾರಿ ಒಳಗೆ ಬರಬೇಕೆಂದರೆ ಅದರಲ್ಲಿ ದಾರಿ ಕಡಿಯಬೇಕು. ದಾರಿಯಷ್ಟೇ ಕಡಿದರೆ ಸಾಲದು. 30 ಮೈಲಿ ವೇಗಮಿತಿಯ ರಸ್ತೆಯಾದರೆ, ರಸ್ತೆಯ ಅಂಚಿನಿಂದ 2.4 ಮೀಟರ್ ಹಿಂದೆ ಕಾರು ನಿಲ್ಲಿಸಿಕೊಂಡವನಿಗೆ ಎರಡೂ ಕಡೆ 43 ಮೀಟರ್ ದೂರ ಕಾಣಬೇಕು. ಅಂದರೆ ಬೇಲಿಯ ಉದ್ದನೆಯ ತುಂಡೇ ಹೋಗಬೇಕು. ಆದರೆ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಮೊಟ್ಟೆ, ಮರಿ ಇರುವ ಗೂಡನ್ನು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಒಂದು ಸೈಟಿನಲ್ಲಿ ನಮಗೆ ಪರ್ಮಿಷನ್ ಸಿಕ್ಕಿದ್ದೇ ವಸಂತದಲ್ಲಿ. ಇಕಾಲಜಿಸ್ಟ್, ಅಂದರೆ ಜೀವಪರಿಸರ ತಜ್ಞರು, ಬಂದು ನೋಡಿ ಗೂಡಿಲ್ಲ ಎಂದರೆ ಕಡಿಯಬಹುದು. ಆಕೆ ಬಂದರು. ಬೇಲಿಯ ಪಕ್ಕ ಕೂತು ಬರಿಗೈಯಲ್ಲಿ ಮುಳ್ಳು ಸರಿಸಿ, ಮೊಬೈಲ್ ಟಾರ್ಚಿನ ಬೆಳಕು ಬಿಟ್ಟು, ಅಡಿ ಅಡಿಯಾಗಿ ನೋಡುತ್ತಾ ಹೋದರು. ಇನ್ನೇನು ಮುಗಿಯಿತು ಅನ್ನುವಾಗ ಕೈ ಎತ್ತಿದರು. ಬ್ಲ್ಯಾಕ್‌ಬರ್ಡ್ ಗೂಡು. ಒಳಗೆ ಮಣ್ಣು ಮೆತ್ತಿ, ಮೇಲೆ ಹುಲ್ಲು ಹಾಸಿದ್ದು, ಬೆಳಗ್ಗೆ ಗಂಜಿ ಕುಡಿಯುವ ಬಟ್ಟಲಿನಷ್ಟು. ಅದರಲ್ಲಿ ನಸುನೀಲಿ ಮೊಟ್ಟೆ. ಮರಿಗಳು ಹಾರಿ ಹೋಗುವವರೆಗೆ ನಮ್ಮ ಜೆಸಿಬಿ ಆಚೆ ರೈತನ ಅಂಗಳದಲ್ಲೇ ನಿಂತಿತ್ತು. ಬಾಡಿಗೆ ಮಾತ್ರ ನಿಲ್ಲಲಿಲ್ಲ.

ನೀರಿನ ಹೊಂಡ ಇದ್ದರೆ ಇನ್ನೊಂದು ಕ್ಯಾಲೆಂಡರ್. ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಅಂತ ಕಾನೂನಿನ ರಕ್ಷಣೆ ಇರುವ ಒಂದು ಪ್ರಾಣಿ. ನೋಡಲು ಹಲ್ಲಿ, ಕುಲದಲ್ಲಿ ಕಪ್ಪೆಯ ನೆಂಟ, ಹೊಟ್ಟೆ ಮಾತ್ರ ಕಿತ್ತಳೆ. ಹೊಂಡದಲ್ಲಿ ಅದು ಇದೆಯೋ ಇಲ್ಲವೋ ಎಂದು ನೀರಿನ ಡಿಎನ್‌ಎ ಪರೀಕ್ಷೆಯಲ್ಲಿ ನೋಡುತ್ತಾರೆ. ಆ ನೀರನ್ನು ಏಪ್ರಿಲ್ ನಡುವಿನಿಂದ ಜೂನ್ ಕೊನೆಯೊಳಗೆ ತೆಗೆಯಬೇಕು. ಜುಲೈನಲ್ಲಿ ನೆನಪಾದರೆ ಮುಂದಿನ ಏಪ್ರಿಲ್‌ಗೆ ಕಾಯಬೇಕು. ಈಗ ಬಹಳ ಜಿಲ್ಲೆಗಳಲ್ಲಿ ಹಣ ಕಟ್ಟಿ ಬೇರೆಡೆ ಹೊಂಡ ಮಾಡಿಸಿಕೊಡುವ ಲೈಸೆನ್ಸ್ ವ್ಯವಸ್ಥೆ ಬಂದಿದೆ, ಅಷ್ಟರ ಮಟ್ಟಿಗೆ ಉಸಿರಾಡಬಹುದು. ಬಾವಲಿ ಇರುವ ಹಳೇ ಕೊಟ್ಟಿಗೆ ಕೆಡವುವ ಕೆಲಸ ಇದ್ದರೆ ಅದರ ಸರ್ವೆಗೂ ಬೇಸಿಗೆಯೇ ಬೇಕು. ಇದರ ಮೇಲೆ 2024ರಿಂದ ಇನ್ನೊಂದು ಸೇರಿದೆ. ಕಟ್ಟುವ ಮುಂಚೆ ಆ ಜಾಗದಲ್ಲಿ ಇದ್ದ ಗಿಡಗಂಟಿ, ಹುಲ್ಲು, ನೀರಿನ ನೆಲೆಗಳಿಗೆ ಒಂದು ಲೆಕ್ಕ ಹಾಕಿ, ಕಟ್ಟಿದ ಮೇಲೆ ಅದಕ್ಕಿಂತ 10% ಜಾಸ್ತಿ ಮಾಡಿಕೊಡಬೇಕು, 30 ವರ್ಷ ಕಾಪಾಡಬೇಕು. ನನ್ನನ್ನು ಕೇಳಿದರೆ ಉದ್ದೇಶ ಒಳ್ಳೆಯದು. 30 ವರ್ಷ ಯಾರು ನಿಗಾ ಇಡುತ್ತಾರೆ ಅನ್ನುವುದರ ಬಗ್ಗೆ ಮಾತ್ರ ನನಗೆ ಗುಮಾನಿ ಇದೆ.

ಇಷ್ಟೆಲ್ಲ ಮುಗಿಸಿ ಅಗೆಯಲು ಇಳಿದರೆ, ನೆಲದ್ದೇ ಬೇರೆ ಶರತ್ತು. ಇದು ಕೌನ್ಸಿಲ್ ಬರೆದದ್ದಲ್ಲ.

ಬ್ಯಾನ್‌ಬರಿ ಕಡೆ ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಅಂಶವಿರುವ ಕಂದು ಕಲ್ಲು, ತಗ್ಗಿನಲ್ಲಿ ಲಯಾಸ್ ಅನ್ನುವ ಶಿಲಾಪದರದ ಜೇಡಿ. ಎರೆಭೂಮಿಯಲ್ಲಿ ಬೆಳೆದ ನನಗೆ ಆ ಜೇಡಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಗದಗಿನ ಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇದಕ್ಕೂ ಅದೇ ಚಾಳಿ, ಸ್ವಲ್ಪ ಕಡಿಮೆ ಅಷ್ಟೇ. ಆದರೆ ನಮ್ಮಲ್ಲಿ ನೆಲದ ನೀರು ಹೀರುವುದು ಬಿಸಿಲು, ಇಲ್ಲಿ ಹೀರುವುದು ಮರ. ಓಕ್, ವಿಲೋ, ಪಾಪ್ಲರ್ ಇವೆಲ್ಲ ಭಾರೀ ಕುಡುಕರು. 1976ರ ದೊಡ್ಡ ಬರದಲ್ಲಿ ಇಂಗ್ಲೆಂಡಿನ ಜೇಡಿ ನೆಲದ ಎಷ್ಟೋ ಮನೆಗಳ ಗೋಡೆ ಸೀಳಿದವು. ಆಮೇಲೆಯೇ ಇಲ್ಲಿ ತಳಪಾಯ ಆಳಕ್ಕೆ ಹೋದದ್ದು.

ಹೊಸ ಮನೆಗಳಿಗೆ ವಾರಂಟಿ ಕೊಡುವ ಎನ್‌ಎಚ್‌ಬಿಸಿ ಸಂಸ್ಥೆಯ ನಿಯಮಪುಸ್ತಕದಲ್ಲಿ ಮರದ ಹತ್ತಿರ ಮನೆ ಕಟ್ಟುವುದಕ್ಕೇ ಒಂದು ಅಧ್ಯಾಯ ಇದೆ, 4.2. ಮರ ಯಾವ ಜಾತಿ, ಪೂರ್ತಿ ಬೆಳೆದರೆ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ, ಜೇಡಿ ಎಷ್ಟು ಕುಗ್ಗುವಂಥದ್ದು, ಇಷ್ಟು ಹಾಕಿದರೆ ಆಳ ಸಿಗುತ್ತದೆ. ಮರವೇ ಇಲ್ಲದಿದ್ದರೂ ಹೆಚ್ಚು ಕುಗ್ಗುವ ಜೇಡಿಯಲ್ಲಿ ಕನಿಷ್ಠ 1 ಮೀಟರ್. ಮರ ಹತ್ತಿರ ಇದ್ದರೆ ಎರಡು ದಾಟುತ್ತದೆ. 2.5 ಮೀಟರ್ ಮೀರಿದರೆ ಎಂಜಿನಿಯರ್ ಬೇರೆಯಾಗಿ ಡಿಸೈನ್ ಮಾಡಿಕೊಡಬೇಕು. ಒಂದೇ ಮನೆಯ ಹಿಂದಿನ ಗೋಡೆ ಓಕ್ ಕಡೆಗೆ ಆಳ, ಮುಂದಿನ ಗೋಡೆ ಕಡಿಮೆ ಆಳ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತಳಪಾಯ.

ಕಡಿದು ಹಾಕಿದ ಮರವೂ ಲೆಕ್ಕಕ್ಕೆ ಬರುತ್ತದೆ ಎನ್ನುವುದು ಹೊಸಬರಿಗೆ ಅಚ್ಚರಿ. ಮರ ಹೋದ ಮೇಲೆ ಒಣಗಿದ್ದ ಜೇಡಿ ನಿಧಾನಕ್ಕೆ ನೀರು ಕುಡಿದು, ವರ್ಷಗಟ್ಟಲೆ ಉಬ್ಬುತ್ತಲೇ ಇರುತ್ತದೆ. ಹೀಗಾಗಿ ಜಾಗ ಈಗ ಬಯಲಾಗಿ ಕಂಡರೂ ಹಳೇ ಆರ್ಡ್ನನ್ಸ್ ಸರ್ವೆ ನಕ್ಷೆ, ಹಳೇ ವಿಮಾನ ಫೋಟೋ ತೆಗೆದು ನೋಡುತ್ತೇವೆ. ಉಬ್ಬುವ ಮಣ್ಣು ಕಾಂಕ್ರೀಟನ್ನು ಒತ್ತಬಾರದು ಎಂದು ತಳಪಾಯಕ್ಕೆ ತೋಡಿದ ಟ್ರೆಂಚಿನ ಒಳಮೈಗೆ ಕುಗ್ಗುವ ಪಾಲಿಸ್ಟೈರೀನ್ ಹಲಗೆ ನಿಲ್ಲಿಸುತ್ತೇವೆ. ನೆಲ ಅಂತಸ್ತಿನ ಫ್ಲೋರ್ ಅನ್ನು ಮಣ್ಣಿನ ಮೇಲೆ ಕೂರಿಸುವುದಿಲ್ಲ, ತೊಲೆ ಮತ್ತು ಬ್ಲಾಕಿನ ಮೇಲೆ ಎತ್ತಿ, ಕೆಳಗೆ ಖಾಲಿ ಜಾಗ ಬಿಡುತ್ತೇವೆ.

ಟ್ರೆಂಚ್ ತೋಡುವ ದಿನ ನಾನು ಡಿಗ್ಗರ್ ಪಕ್ಕ ಬಿಟ್ಟು ಕದಲುವುದಿಲ್ಲ. ಆಸರೆ ಇಲ್ಲದ ಆಳದ ಟ್ರೆಂಚಿಗೆ ಇಲ್ಲಿ ಯಾರೂ ಇಳಿಯುವ ಹಾಗಿಲ್ಲ, ಆದ್ದರಿಂದ ನೋಡುವುದೆಲ್ಲ ಮೇಲಿನಿಂದಲೇ. ಡಿಗ್ಗರ್ ಓಡಿಸುವ ಹಿರಿಯರೊಬ್ಬರು ಬಕೆಟ್ಟಿನಿಂದ ಒಂದು ಹೆಂಟೆ ಎತ್ತಿ ನನ್ನ ಕಾಲ ಬಳಿ ಇಡುತ್ತಾರೆ. ಅದನ್ನು ಮುರಿದು ನೋಡುತ್ತೇನೆ. ನೀಲಿಬೂದು ಜೇಡಿ, ಮುರಿದ ಮೈ ಸಾಬೂನಿನ ಹಾಗೆ ನುಣುಪು. ಅದರೊಳಗೆ ತಲೆಗೂದಲಿನಷ್ಟು ತೆಳ್ಳಗಿನ ಬೇರು ಕಂಡರೆ ಇನ್ನೂ ಕೆಳಗೆ. ಪುಸ್ತಕದ ಲೆಕ್ಕ ಎರಡು ಮೀಟರ್ ಅಂದರೂ ಬೇರು ಇದ್ದರೆ ನಿಲ್ಲಿಸುವುದಿಲ್ಲ. ಬೇರು ಕಾಣದ ಮಟ್ಟ ಸಿಕ್ಕಿದ ಮೇಲೆ ಕಟ್ಟಡದ ಕೆಲಸ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಬಂದು ನೋಡಬೇಕು, ಅವರು ಒಪ್ಪಿದ ದಿನವೇ ಕಾಂಕ್ರೀಟ್ ಬೀಳಬೇಕು. ರಾತ್ರಿ ಮಳೆ ಬಂದರೆ ತಳದ ಜೇಡಿ ಕೆಸರಾಗುತ್ತದೆ.

ಬೇರು ಕಂಡಿತೆಂದು ಅರ್ಧ ಮೀಟರ್ ಜಾಸ್ತಿ ಅಗೆದರೆ ಏನು ಮಹಾ ಅನ್ನಬಹುದು. ಟ್ರೆಂಚ್ ಅಗಲ 600 ಮಿಲಿಮೀಟರ್. ಒಂದು ಮನೆಗೆ ಸುತ್ತು ಒಳಗೋಡೆ ಸೇರಿ 40 ಮೀಟರ್ ಉದ್ದ ಇಟ್ಟುಕೊಳ್ಳಿ. ಅರ್ಧ ಮೀಟರ್ ಆಳಕ್ಕೆ 12 ಘನ ಮೀಟರ್ ಕಾಂಕ್ರೀಟ್. ಲಾರಿಗೆ 6ರಂತೆ ಎರಡು ಲೋಡ್. ಅಷ್ಟೇ ಮಣ್ಣು ಹೊರಗೆ ಹೋಗಬೇಕು, ಅದೂ ಲಾರಿಯಲ್ಲೇ.

ಇಲ್ಲಿ ಮತ್ತೆ ಆ ಕಾಗದಕ್ಕೆ ಬರುತ್ತೇವೆ. ಲಾರಿ ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಬರಬೇಕು ಎನ್ನುವುದೂ ಒಂದು ಶರತ್ತು. ಹಳ್ಳಿಯ ರಸ್ತೆ ಒಂದು ಕಾರಿನಗಲ, ಎರಡೂ ಕಡೆ ಬೇಲಿ, ಅಲ್ಲಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡುವ ಜಾಗ. ಶಾಲೆ ಬಿಡುವ ಹೊತ್ತಿಗೆ ದೊಡ್ಡ ಗಾಡಿ ಬರಬಾರದು ಎಂದು ಲಾರಿ ಸಂಚಾರದ ನಮ್ಮ ಪ್ಲಾನ್‌ನಲ್ಲೇ ಬರೆದಿದೆ. ಭಾನುವಾರ ಕೆಲಸ ಇಲ್ಲ, ಶನಿವಾರ ಮಧ್ಯಾಹ್ನಕ್ಕೆ ಬಂದ್. ಬೆಂಗಳೂರಿನಲ್ಲಿ ರಾತ್ರಿಯಿಡೀ ಕಾಂಕ್ರೀಟ್ ಹಾಕಿ ರೂಢಿಯಿದ್ದ ನನಗೆ ಇದು ಮೊದಮೊದಲು ಜೀರ್ಣವಾಗಲಿಲ್ಲ. ಈಗ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡುವ ಮುಂಚೆ ಶಾಲೆಯ ವೇಳೆ ನೋಡುತ್ತೇನೆ.

ಗೋಡೆ ಏಳುವಾಗ ಕಲ್ಲಿನ ಶರತ್ತು. ಊರು ಕನ್ಸರ್ವೇಷನ್ ಏರಿಯಾ, ಅಂದರೆ ಹಳೇ ರೂಪ ಕಾಪಾಡಬೇಕೆಂದು ಗುರುತಿಸಿದ ಜಾಗ, ಆಗಿದ್ದರೆ ಇಟ್ಟಿಗೆ, ಕಲ್ಲು, ಗಾರೆ, ಹೆಂಚು ಎಲ್ಲದರ ಮಾದರಿ ತೋರಿಸಿ ಒಪ್ಪಿಗೆ ಪಡೆಯಬೇಕು. ಈ ಸೀಮೆಯ ಕಲ್ಲು ಹಾರ್ನ್‌ಟನ್ ಕಲ್ಲು, ಜೋನಿ ಬೆಲ್ಲದ ಬಣ್ಣ. ಸೈಟಿನಲ್ಲಿ ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಮಾದರಿ ಗೋಡೆ ಕಟ್ಟಿ ಕೌನ್ಸಿಲ್ ಅಧಿಕಾರಿಯನ್ನು ಕರೆಯುತ್ತೇವೆ. ನಮ್ಮ ಮೇಸ್ತ್ರಿ ಕಟ್ಟಿದ ಮಾದರಿ ನನಗೆ ಚೆನ್ನಾಗೇ ಕಂಡಿತ್ತು. ಅಧಿಕಾರಿ ಬಂದವರು ಕಲ್ಲನ್ನು ಮುಟ್ಟಲೂ ಇಲ್ಲ. ಕಲ್ಲಿನ ಸಂದಿ ನೋಡಿ ತಲೆ ಅಲ್ಲಾಡಿಸಿದರು. ಗಾರೆ ಬಿಳಿಚಿಕೊಂಡಿದೆ, ಕಲ್ಲಿನ ಮಟ್ಟಕ್ಕಿಂತ ಮುಂದೆ ಬಂದಿದೆ, ಚರ್ಚಿನ ಹತ್ತಿರದ ಹಳೇ ಗೋಡೆ ನೋಡಿ ಬನ್ನಿ ಎಂದರು. ಹೋಗಿ ನೋಡಿದೆವು. ಅಲ್ಲಿ ಸಂದಿಯ ಸುಣ್ಣದ ಗಾರೆ ಕಲ್ಲಿನದೇ ಬಣ್ಣ, ಮರಳಿನ ಕಾಳು ಕಣ್ಣಿಗೆ ಕಾಣುತ್ತಿತ್ತು. ಮೇಸ್ತ್ರಿ ಸ್ಥಳೀಯ ಮರಳು ತರಿಸಿ, ಗಾರೆ ಅರೆಗಟ್ಟಿಯಾದಾಗ ಒರಟು ಬ್ರಶ್ಶಿನಿಂದ ತಟ್ಟಿ ತಟ್ಟಿ ಮೇಲ್ಪದರ ಉದುರಿಸಿದ. ಎರಡನೇ ಮಾದರಿಗೆ ಒಪ್ಪಿಗೆ ಬಂತು. ಆ ಮಾದರಿ ಗೋಡೆಯನ್ನು ಕೊನೆಯ ಮನೆ ಮುಗಿಯುವವರೆಗೆ ಕೆಡವಬೇಡಿ. ಯಾವ ಕಲ್ಲುಕುಟಿಗ ಬದಲಾದರೂ ಅದನ್ನೇ ತೋರಿಸಬಹುದು.

ಅಂದ ಹಾಗೆ, ಆ ಕಲ್ಲು ಹೊರಮೈ ಮಾತ್ರ. ಹಿಂದೆ ಇನ್ಸುಲೇಷನ್ ತುಂಬಿದ ಸಂದು, ಅದರ ಹಿಂದೆ ಮಾಮೂಲಿ ಬ್ಲಾಕ್ ಗೋಡೆ. ತಮಾಷೆ ಅಂದರೆ ಚಿಮಣಿ. ಇಂಥ ಹಳ್ಳಿಗೆ ಎಷ್ಟೋ ಕಡೆ ಗ್ಯಾಸ್ ಪೈಪೇ ಇಲ್ಲ, ಹೊಸ ಮನೆಗಳಿಗೆ ಹೊರಗೆ ಫ್ಯಾನ್ ತಿರುಗುವ, ಹೊರಗಾಳಿಯ ಶಾಖದಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕುತ್ತೇವೆ. ಒಲೆಯೇ ಇಲ್ಲ. ಆದರೂ ಊರಿನ ಸೂರುಗಳ ಸಾಲು ಕೆಡಬಾರದು ಎಂದು ಫೈಬರ್‌ಗ್ಲಾಸಿನ ಚಿಮಣಿ ಕ್ರೇನಿನಲ್ಲಿ ಎತ್ತಿ ಮಾಡಿನ ಮೇಲೆ ಕೂರಿಸುತ್ತೇವೆ. ಒಳಗೆ ಟೊಳ್ಳು. ನನಗಂತೂ ಇದು ಸುಮ್ನೆ ವೇಷ ಅನ್ನಿಸುತ್ತದೆ, ಊರವರಿಗೆ ಬೇಕಂತೆ.

ಊರವರು ಅಂದರೆ ಪ್ಯಾರಿಷ್ ಕೌನ್ಸಿಲ್. ನಮ್ಮ ಗ್ರಾಮ ಪಂಚಾಯ್ತಿಯ ಹಾಗೆ ಅಂದುಕೊಂಡರೆ ತಪ್ಪು. ಇವರು ಪರ್ಮಿಷನ್ ಕೊಡುವುದಿಲ್ಲ, ಅಭಿಪ್ರಾಯ ಹೇಳುತ್ತಾರೆ, ನಿರ್ಧಾರ ಮೇಲಿನ ಕೌನ್ಸಿಲ್‌ನದು. ಹಾಗಂತ ಕಡೆಗಣಿಸಬೇಡಿ. ಡಿಸಿಷನ್ ನೋಟಿಸ್ ಅನ್ನು ನಮಗಿಂತ ಚೆನ್ನಾಗಿ ಓದಿಕೊಂಡಿರುವವರು ಅವರೇ. ರಸ್ತೆಗೆ ಕೆಸರು ಬಿದ್ದರೆ ಕೌನ್ಸಿಲ್‌ಗೆ ಹೋಗುವ ಈಮೇಲ್‌ನಲ್ಲಿ ಶರತ್ತಿನ ನಂಬರ್ ಸಮೇತ ಬರೆದಿರುತ್ತಾರೆ. ಅವರ ಕ್ಲರ್ಕ್‌ಗೆ ನನ್ನ ಮೊಬೈಲ್ ನಂಬರ್ ಕೊಟ್ಟಿದ್ದೇನೆ. ಈಗ ಮೊದಲು ಫೋನ್ ನನಗೆ ಬರುತ್ತದೆ. ಗುಡಿಸುವ ಗಾಡಿ ಅರ್ಧ ಗಂಟೆಯಲ್ಲಿ ಹೋಗುತ್ತದೆ.

ಇನ್ನು ಕೊನೆಯ ಬಗೆಯ ಶರತ್ತು, ಜನ ಬರುವ ಮುಂಚೆ ತೀರಬೇಕಾದದ್ದು. ಇದು ಹೆಸರಿಗೆ ಮಾತ್ರ ಕೊನೆಯದು. ಉದಾಹರಣೆಗೆ ಸ್ವಿಫ್ಟ್ ಇಟ್ಟಿಗೆ. ಸ್ವಿಫ್ಟ್ ಹಕ್ಕಿಗೆ ಗೂಡಿಗೆಂದು ತೂತು ಇರುವ, ಒಳಗೆ ಪೊಳ್ಳಾದ ಬ್ಲಾಕ್ ಅದು, ಸೂರಿನ ಕೆಳಗೆ ಗೋಡೆಯಲ್ಲೇ ಸೇರಿಸಿ ಕಟ್ಟಬೇಕು. ಕಾಗದದಲ್ಲಿ 'ವಾಸಕ್ಕೆ ಮುಂಚೆ' ಎಂದಿರುತ್ತದೆ, ಹೀಗಾಗಿ ಎಲ್ಲರೂ ಆಮೇಲೆ ನೋಡೋಣ ಅನ್ನುತ್ತಾರೆ. ಆದರೆ ಅದನ್ನು ಇಡಬೇಕಾದವನು ಗೋಡೆ ಕಟ್ಟುವವನು, ಅದೂ ಸ್ಕ್ಯಾಫೋಲ್ಡ್‌ನ ಕೊನೆಯ ಅಂತಸ್ತಿನಲ್ಲಿ ನಿಂತಿರುವಾಗ. ಸ್ಕ್ಯಾಫೋಲ್ಡ್ ಇಳಿಸಿದ ಮೇಲೆ ನೆನಪಾದರೆ ಮತ್ತೆ ಕಟ್ಟಿಸಿ, ಮುಗಿದ ಕಲ್ಲುಗೋಡೆ ಒಡೆಯಬೇಕು. ನನ್ನ ಪಟ್ಟಿಯಲ್ಲಿ ಪ್ರತಿ ಶರತ್ತಿನ ಮುಂದೆ ಎರಡು ತಾರೀಖು ಇವೆ. ಕೌನ್ಸಿಲ್ ಕೇಳುವ ತಾರೀಖು ಒಂದು, ಆ ಕೆಲಸ ಮಾಡುವವನು ಸೈಟಿನಲ್ಲಿ ಇರುವ ಕೊನೆಯ ತಾರೀಖು ಇನ್ನೊಂದು. ಹೊಸಬರಿಗೆ ಎರಡನೆಯದನ್ನು ಅವರ ಕೈಯಿಂದಲೇ ತುಂಬಿಸುತ್ತೇನೆ. ಡ್ರಾಯಿಂಗ್ ಕೊಡುವುದು ಅದಾದ ಮೇಲೆ.