ಲಾಗ್‌ಬುಕ್ಕಿನಲ್ಲಿ ಕಾಣದ ಕೈ

ಹುಬ್ಬಳ್ಳಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ಎಂ.ಎಸ್. ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆ ಕಲಿಸುವ ನಾನು, ಅವರು ಮಾಡಿದ ಆಪರೇಷನ್‌ಗಳನ್ನು ಬರೆದಿಡುವ ಲಾಗ್‌ಬುಕ್ಕಿನಲ್ಲಿ ಹರ್ನಿಯಾ ಎಷ್ಟು, ಅಪೆಂಡಿಕ್ಸ್ ಎಷ್ಟು ಎಂದು ಎಣಿಸಿ, ‘ಉತ್ತಮ’ ಎಂದು ಬರೆದು ಸಹಿ ಹಾಕುತ್ತಾ ಬಹಳ ವರ್ಷ ಕಳೆದೆ.

ಒಬ್ಬ ವಿದ್ಯಾರ್ಥಿಯ ಕೈ ತುಂಬ ಚುರುಕಾಗಿತ್ತು. ಕುಂದಗೋಳ ಕಡೆಯ ರೈತರೊಬ್ಬರಿಗೆ ತೊಡೆಸಂದಿನ ಹರ್ನಿಯಾ ಆಪರೇಷನ್ ಮಾಡುವಾಗ ನಾನೇ ಅವನಿಗೆ ಸಹಾಯಕನಾಗಿ ನಿಂತೆ. ಅಲ್ಲಿ ಸ್ನಾಯುವಿನ ಬಿಳಿ ಪೊರೆಯ ಕೆಳಗೇ ಇಲಿಯೋಇಂಗ್ವಿನಲ್ ನರ ಹಾಯ್ದಿರುತ್ತದೆ. ಪೊರೆಯನ್ನು ಸೀಳುವಾಗ ಕತ್ತರಿಯ ತುದಿಯನ್ನು ಮೇಲಕ್ಕೆತ್ತಿ ಹಿಡಿಯದಿದ್ದರೆ ನರಕ್ಕೆ ಪೆಟ್ಟಾಗಿ, ಗಾಯ ಮಾಯ್ದ ಮೇಲೂ ನೋವು ತಿಂಗಳುಗಟ್ಟಲೆ ಉಳಿಯಬಹುದು. ಅವನು ತುದಿ ಎತ್ತದೆಯೇ ಕತ್ತರಿ ತೂರಿಸಿದ; ನಾನು ಮಣಿಕಟ್ಟು ಹಿಡಿದೆ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರೋಗಿ ಎಚ್ಚರವಾಗಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ, ಆದ್ದರಿಂದ ಅಲ್ಲಿ ಗದರಿಸಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಾಗ ಅವನು, “ಇಷ್ಟು ದಿನ ಹಿಂಗ ಮಾಡೇನ್ರಿ ಸರ್, ಯಾರೂ ಹೇಳಿರಲಿಲ್ರಿ” ಎಂದ. ಆ ಪುಟಗಳಲ್ಲಿದ್ದ ಸಹಿ ನನ್ನದೇ ಆಗಿದ್ದರಿಂದ ಆ ಮಾತು ನನ್ನನ್ನು ಬಹಳ ನೋಯಿಸಿತು.

1990ರ ದಶಕದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಓಸ್ಯಾಟ್ಸ್’ ಎಂಬ ಮೌಲ್ಯಮಾಪನ ಪದ್ಧತಿಯನ್ನು ನಾನು ಬಳಸತೊಡಗಿದ್ದು ಆಮೇಲೆ. ಅಂಗಾಂಶವನ್ನು ಎಷ್ಟು ಮೃದುವಾಗಿ ಮುಟ್ಟುತ್ತಾರೆ, ವೃಥಾ ಚಲನೆಗಳೆಷ್ಟು, ಉಪಕರಣವನ್ನು ಹೇಗೆ ಹಿಡಿಯುತ್ತಾರೆ, ಮುಂದಿನ ಹಂತ ಮನಸ್ಸಿನಲ್ಲಿದೆಯೇ ಎಂಬಂಥ 7 ಅಂಶಗಳಿಗೆ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ, ಒಟ್ಟು 35. ಆದರೆ ಒಟ್ಟು ಅಂಕವನ್ನಷ್ಟೇ ನೋಡಿದರೆ ಹಳೆಯ ತಪ್ಪೇ ಮರುಕಳಿಸುತ್ತದೆ. ಆ ಹುಡುಗನಿಗೆ ಚಲನೆಯಲ್ಲಿ 5, ಅಂಗಾಂಶದ ವಿಷಯದಲ್ಲಿ 2 ಬಂದಿತ್ತು. ನಿಧಾನಸ್ಥೆ ಎಂದು ನಾನು ಹಿಂದೆ ಸರಿಸಿದ್ದ ಒಬ್ಬ ವಿದ್ಯಾರ್ಥಿನಿಗೆ ಅಂಗಾಂಶದ ವಿಷಯದಲ್ಲಿ 5 ಬಂದಿತು; ಮುಂದೆ ಯಾವ ಉಪಕರಣ ಕೇಳಬೇಕೆಂದು ತಿಳಿಯದೆ ಆಕೆ ತಡವರಿಸುತ್ತಿದ್ದಳು ಅಷ್ಟೆ. ಸಿಸ್ಟರ್ ಜೊತೆ ಟ್ರೇ ಜೋಡಿಸುತ್ತಾ, ಮಟನ್ ಅಂಗಡಿಯಿಂದ ತಂದ ಆಡಿನ ಕರುಳಿನ ಮೇಲೆ ಹೊಲಿಗೆ ಹಾಕುತ್ತಾ ಆ ತಡವರಿಕೆ ಕಡಿಮೆಯಾಯಿತು.

ಈಗ ನಮ್ಮಲ್ಲಿ ಆಪರೇಷನ್ ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಈ ಅಂಕಗಳ ಹಾಳೆ ತುಂಬುತ್ತೇವೆ. ಸಾಧ್ಯವಾದಾಗ ರೋಗಿಯ ಒಪ್ಪಿಗೆ ಪಡೆದು, ಕೈಗಳು ಮಾತ್ರ ಕಾಣುವಂತೆ ವಿಡಿಯೊ ತೆಗೆದು, ಕೈ ಯಾರದೆಂದು ಹೇಳದೆ ಇನ್ನೊಬ್ಬ ಸಹೋದ್ಯೋಗಿಯಿಂದಲೂ ಅಂಕ ಹಾಕಿಸುತ್ತೇವೆ. ಇಬ್ಬರ ಅಂಕಗಳು ದೂರವಿದ್ದರೆ ವಿಡಿಯೊವನ್ನು ಜೊತೆಗೇ ಕೂತು ಮತ್ತೆ ನೋಡುತ್ತೇವೆ. ಆ ಹುಡುಗ ಈಗ ಪೊರೆಯ ಬಳಿ ಬಂದಾಗ ಒಂದು ಕ್ಷಣ ನಿಲ್ಲುತ್ತಾನೆ, ಕತ್ತರಿಯ ತುದಿ ಎತ್ತುತ್ತಾನೆ, “ನರ ಇಲ್ಲೈತ್ರಿ ಸರ್” ಎಂದು ತೋರಿಸಿದ ಮೇಲೆಯೇ ಮುಂದುವರಿಯುತ್ತಾನೆ.