ಮಾಮಿಯ ಕಾಲಿಂಗ್ ಬೆಲ್

ನನ್ನ ಫೋನು ಹೆಜ್ಜೆ ಎಣಿಸುತ್ತದೆ. ಎಣಿಸಿ ಸುಮ್ಮನಿರುವುದಿಲ್ಲ, ಬರೆದೂ ಇಟ್ಟುಕೊಳ್ಳುತ್ತದೆ. ಒಂದು ದಿನ ಬೇಜಾರಿಗೆ ಹಿಂದಿನ ವರ್ಷದ ಲೆಕ್ಕ ತೆಗೆದು ನೋಡಿದೆ. ಅಕ್ಟೋಬರ್‌ನಲ್ಲಿ 24 ದಿನ ವಾಕಿಂಗ್. ನವೆಂಬರ್‌ನಲ್ಲಿ 17. ಡಿಸೆಂಬರ್‌ನಲ್ಲಿ 5. ಅದರ ಹಿಂದಿನ ವರ್ಷವೂ ಹೆಚ್ಚುಕಡಿಮೆ ಇದೇ ಕಥೆ. ದಸರಾ ಮುಗಿದ ಹುರುಪಿನಲ್ಲಿ ಶುರು, ದೀಪಾವಳಿಗೆ ಕುಂಟು, ಕ್ರಿಸ್‌ಮಸ್ ರಜೆ ಬಂತೆಂದರೆ ಶೂಗಳಿಗೆ ಧೂಳು.

ಕಾರಣಗಳಿಗೇನೂ ಬರವಿಲ್ಲ. ಡಿಸೆಂಬರ್ ಕೊನೆಗೆ ಮೈಸೂರಿನಲ್ಲಿ ಬೆಳಗಿನ ಜಾವ ಹದಿನೈದು, ಹದಿನಾರು ಡಿಗ್ರಿ. ಕೆನಡಾದಲ್ಲಿರುವ ಚಿಕ್ಕಮ್ಮನ ಮಗನಿಗೆ ಹೇಳಿದರೆ ನಗುತ್ತಾನೆ. ನಗಲಿ. ಕಂಬಳಿಯೊಳಗೆ ಇರುವವರಿಗೆ ಅದರ ಕಷ್ಟ ಗೊತ್ತು. ಸೂರ್ಯ ಏಳುವುದೇ ಆರೂ ನಲವತ್ತಕ್ಕೆ. ಮಗಳು ಹಾಸ್ಟೆಲ್‌ನಿಂದ ಬಂದಿರುತ್ತಾಳೆ. ಅರಮನೆಯ ಹೂವಿನ ಪ್ರದರ್ಶನ, ಫಿಲೋಮಿನಾ ಚರ್ಚಿನ ಗೋದಲಿ ನೋಡಲು ನೆಂಟರು ಬರುತ್ತಾರೆ. ಇದೆಲ್ಲದರ ಮೇಲೆ ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಜಾಸ್ತಿ. ರಾತ್ರಿ ಹತ್ತರವರೆಗೆ ಬೇಳೆ ಹಿತುಕುತ್ತಾ ಕೂತವಳು ಬೆಳಗ್ಗೆ ಐದಕ್ಕೆ ಏಳುವುದುಂಟಾ?

ಕಳೆದ ಸಲ ಮಾತ್ರ ಒಂದು ತೊಡಕಿತ್ತು. ಅಕ್ಟೋಬರ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಇದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ ಎಂದು ಅರ್ಥ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಜನವರಿಯಲ್ಲಿ ಮತ್ತೆ ನೋಡೋಣ ಅಂದರು ಡಾಕ್ಟರು. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಯಾದರೆ ಹಿಂದಿನ ಎರಡು ದಿನ ಬಾಯಿ ಕಟ್ಟಿ ಒಂದಿಷ್ಟು ಕಳ್ಳಾಟ ಆಡಬಹುದು. ಇದು ಹಾಗಲ್ಲ. ಹಿಂದಿನ ಎರಡು ಮೂರು ತಿಂಗಳ ಚಾಡಿಯನ್ನು ಒಟ್ಟಿಗೆ ಹೇಳುತ್ತದೆ. ಜನವರಿಯ ರಿಪೋರ್ಟಿನಲ್ಲಿ ಇರುವುದು ಡಿಸೆಂಬರೇ, ಅಂದರೆ ನಾನು ಪ್ರತಿ ವರ್ಷ ಮಲಗುವ ತಿಂಗಳು.

ಡಿಸೆಂಬರ್ ಮೊದಲ ಹದಿನೈದು ದಿನದಲ್ಲಿ ಮೂರು ಸಲ ನಡೆದೆ.

ಹದಿನಾರನೇ ತಾರೀಕು ಐದೂಕಾಲಿಗೆ ನೀರು ಕುಡಿಯಲು ಎದ್ದಾಗ ಎದುರು ಮನೆಯಲ್ಲಿ ದೀಪ ಕಂಡಿತು. ಎದುರು ಮನೆ ಮಾಮಿಗೆ ಎಪ್ಪತ್ನಾಲ್ಕು ವರ್ಷ. ಸ್ನಾನ ಮುಗಿಸಿ, ಮಂಕಿ ಕ್ಯಾಪಿನ ಮೇಲೆ ಸೆರಗು ಹೊದ್ದು, ಗೇಟಿನ ಮುಂದೆ ರಂಗೋಲಿ ಇಡುತ್ತಿದ್ದರು. ಅವತ್ತು ಧನುರ್ಮಾಸ ಶುರು. ಕಿಟಕಿಯಲ್ಲಿ ನನ್ನನ್ನು ನೋಡಿ, "ಎದ್ದಿದ್ದೀಯಲ್ಲ, ದೇವಸ್ಥಾನಕ್ಕೆ ಬಾಮ್ಮ. ಕತ್ತಲು, ನನಗೂ ಒಂದು ಜೊತೆ ಆಗುತ್ತೆ" ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ದೇವಸ್ಥಾನ ಮುಕ್ಕಾಲು ಕಿಲೋಮೀಟರ್ ದೂರ. ಹೋಗಿ ಬಂದರೆ ಒಂದೂವರೆ. ಅಲ್ಲಿ ತಮಿಳಿನ ಭಕ್ತ ಕವಯಿತ್ರಿ ಆಂಡಾಳ್ ಹಾಡಿದ ತಿರುಪ್ಪಾವೈ ಹೇಳಿ ಮುಗಿಸಿ ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಡುತ್ತಾರೆ. ಹೆಸರುಬೇಳೆ, ಮೆಣಸು, ಜೀರಿಗೆ, ಮೇಲೆ ತೇಲುವ ತುಪ್ಪ. ಆ ಚಳಿಯಲ್ಲಿ ಅದನ್ನು ಬೇಡ ಅನ್ನುವವರು ಮನುಷ್ಯರೇ ಅಲ್ಲ. ಮೊದಲ ದಿನ ಎರಡು ದೊನ್ನೆ ತಿಂದೆ. ನಡೆದದ್ದಕ್ಕೂ ತಿಂದದ್ದಕ್ಕೂ ತಾಳೆ ಹಾಕಿದರೆ ಮಲಗಿದ್ದರೇ ಲಾಭ! ಹಾಗಾಗಿ ಎರಡನೇ ದಿನದಿಂದ ಒಂದೇ ದೊನ್ನೆ, ಅದರಲ್ಲೂ ಅರ್ಧ ಮಗಳಿಗೆ ಪಾರ್ಸೆಲ್. ಮಾಮಿಯನ್ನು ಮನೆಗೆ ಬಿಟ್ಟು ನಾನು ಕುಕ್ಕರಹಳ್ಳಿ ಕೆರೆಗೆ ಹೋಗುವುದು. ಹೇಗೂ ಎದ್ದು, ಸ್ನಾನ ಮಾಡಿ, ಮೈ ಬೆಚ್ಚಗಾಗಿರುತ್ತಿತ್ತು. ಮತ್ತೆ ಮಲಗಲು ಮನಸ್ಸು ಬರುತ್ತಿರಲಿಲ್ಲ.

ಒಂಬತ್ತು ದಿನ ಒಂದೂ ತಪ್ಪಲಿಲ್ಲ. ಒಂಬತ್ತನೇ ದಿನ ಗೇಟಿನ ಹತ್ತಿರ ನಿಂತು ಸ್ವಲ್ಪ ಜಂಬವನ್ನೂ ಕೊಚ್ಚಿದೆ. "ಬೆಂಗಳೂರಿಂದ ಬಂದಮೇಲೆ ನೀವು ಅಲಾರಾಂ ಇಡೋದೇ ಬೇಡ ಮಾಮಿ, ನಾನೇ ಬಂದು ಎಬ್ಬಿಸ್ತೀನಿ."

ಬೆಂಗಳೂರಿನಲ್ಲಿ ಅಕ್ಕನ ಮನೆ. ನಾಲ್ಕು ದಿನ. ವಿವರ ಜಾಸ್ತಿ ಬೇಡ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಪಕ್ಕದ ಮನೆಯಿಂದ ಬಂದ ಪ್ಲಮ್ ಕೇಕು, ಸಂಜೆ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆ. ಶೂ ತೆಗೆದುಕೊಂಡು ಹೋಗಿದ್ದೆ. ಅದು ಬ್ಯಾಗಿನಲ್ಲೇ ಹೋಗಿ ಬ್ಯಾಗಿನಲ್ಲೇ ವಾಪಸ್ ಬಂತು.

ಇಪ್ಪತ್ತೆಂಟರ ರಾತ್ರಿ ಮನೆ ಸೇರಿದೆವು. ಮಲಗುವಾಗಲೇ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಹೇಗೂ ನಾಲ್ಕು ದಿನ ತಪ್ಪಿದೆ. ಇನ್ನು ಮೂರು ದಿನಕ್ಕೆ ಹೊಸ ವರ್ಷ. ಒಂದನೇ ತಾರೀಕಿನಿಂದ ನೀಟಾಗಿ ಶುರು ಮಾಡಿದರಾಯಿತು. ಈ "ಒಂದನೇ ತಾರೀಕಿನಿಂದ" ಅನ್ನುವುದು ಇದೆಯಲ್ಲ, ನನ್ನ ಎಷ್ಟು ಡಿಸೆಂಬರ್‌ಗಳನ್ನು ಅದು ನುಂಗಿದೆಯೋ! ಅಲಾರಾಂ ಆಫ್ ಮಾಡಿ ಮಲಗಿದೆ.

ಐದೂ ಇಪ್ಪತ್ತಕ್ಕೆ ಕಾಲಿಂಗ್ ಬೆಲ್.

ನಮ್ಮವರು ಮಗ್ಗುಲು ಬದಲಿಸಿ, "ನಿನಗೇ ಇರಬೇಕು" ಅಂದರು. ಮತ್ತೆ ಬೆಲ್. ಬಾಗಿಲು ತೆರೆದರೆ ಮಾಮಿ, ಕೈಯಲ್ಲಿ ಟಾರ್ಚು.

"ನನ್ನನ್ನ ಎಬ್ಬಿಸ್ತೀನಿ ಅಂದವಳು ಯಾರಮ್ಮ?"

"ಮಾಮಿ, ನಾಲ್ಕು ದಿನ ತಪ್ಪಿಹೋಯ್ತು. ಇನ್ನು ಹೊಸ ವರ್ಷದಿಂದ..."

"ತಪ್ಪಿದ್ರೆ ಏನಾಯ್ತು? ತಪ್ಪು ಕಾಣಿಕೆ ಹಾಕು, ನಡಿ. ನಾನು ಹೋದ ವರ್ಷ ಜ್ವರ ಬಂದು ಮೂರು ದಿನ ಮಲಗಿದ್ದೆ. ನಾಲ್ಕನೇ ದಿನ ಹುಂಡಿಗೆ ಕಾಸು ಹಾಕಿ ಮುಂದುವರಿಸಿದೆ. ಮಾಸ ನಮಗೋಸ್ಕರ ಕಾಯುತ್ತಾ?"

ಸ್ನಾನ ಇಲ್ಲ, ಮುಖ ತೊಳೆದು ಹೊರಟೆ. ಬೀದಿ ತುಂಬಾ ಮಂಜು, ಲೈಟಿನ ಕಂಬದ ಸುತ್ತ ಹತ್ತಿಯ ಹಾಗೆ. ನಂದಿನಿ ಬೂತಿನಲ್ಲಿ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾಮಿ ದಾರಿಯಲ್ಲಿ ನಗಲು ಶುರು ಮಾಡಿದರು. ಏನು ಅಂತ ಕೇಳಿದೆ.

ತಿರುಪ್ಪಾವೈನಲ್ಲಿ ಮೂವತ್ತು ಪಾಶುರ, ಅಂದರೆ ಪದ್ಯ, ದಿನಕ್ಕೊಂದು. ಅಷ್ಟು ನನಗೂ ಗೊತ್ತಿತ್ತು. ಆರರಿಂದ ಹದಿನೈದರವರೆಗೆ ಹತ್ತು ಪಾಶುರ ಇರುವುದು ಮಲಗಿರುವ ಗೆಳತಿಯರನ್ನು ಮನೆಮನೆಗೂ ಹೋಗಿ ಎಬ್ಬಿಸುವುದಕ್ಕೆ ಎಂದು ಮಾತ್ರ ಗೊತ್ತಿರಲಿಲ್ಲ. ಒಬ್ಬಳನ್ನು ಎಬ್ಬಿಸುವಷ್ಟರಲ್ಲಿ ಇನ್ನೊಬ್ಬಳು ನಿದ್ದೆ. ಆಂಡಾಳ್ ಬದುಕಿ ಸಾವಿರಕ್ಕೂ ಹೆಚ್ಚು ವರ್ಷ ಆಯಿತು. ಆಗಲೂ ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿಯಲ್ಲಿ ಹುಡುಗಿಯರು ಹೀಗೇ ಮಲಗುತ್ತಿದ್ದರಂತೆ.

"ಇವತ್ತು ಎಷ್ಟನೇ ದಿನ ಹೇಳು?" ಅಂದರು ಮಾಮಿ. ಬೆರಳು ಮಡಿಸಿ ಎಣಿಸಿದೆ. ಹದಿನಾಲ್ಕು.

"ಹದಿನಾಲ್ಕನೇ ಪಾಶುರದಲ್ಲಿ ಮಲಗಿರೋಳು ಯಾರು ಗೊತ್ತಾ? ನಾಳೆ ನಿಮ್ಮನ್ನೆಲ್ಲ ನಾನೇ ಮೊದಲು ಎಬ್ಬಿಸ್ತೀನಿ ಅಂತ ಜಂಬ ಕೊಚ್ಚಿದೋಳು!"

ನಡುಬೀದಿಯಲ್ಲಿ ನಿಂತು ಇಬ್ಬರೂ ನಕ್ಕೆವು. ಬೂತಿನ ಹುಡುಗ ತಿರುಗಿ ನೋಡಿದ.

ಹುಂಡಿಗೆ ನಾಲ್ಕು ರೂಪಾಯಿ ಹಾಕಿದೆ, ದಿನಕ್ಕೊಂದರಂತೆ. ಸುಮ್ನೆ ಹೇಳುವುದಲ್ಲ, ಬೆಂಗಳೂರಿನ ನಾಲ್ಕು ದಿನ ಅಲ್ಲಿಗೆ ಮುಗಿದೇ ಹೋಯಿತು. ಹಿಂದೆ ಒಂದು ಸಲ ಜಿಮ್ ಸೇರಿದ್ದೆ. ಮೂರು ದಿನ ತಪ್ಪಿಸಿಕೊಂಡವಳು ನಾಲ್ಕನೇ ದಿನ ಟ್ರೇನರ್ ಮುಖ ನೋಡಲು ನಾಚಿಕೆಯಾಗಿ ಆ ರಸ್ತೆಯಲ್ಲೇ ಓಡಾಡುವುದು ಬಿಟ್ಟಿದ್ದೆ. ವರ್ಷದ ಫೀಸು ಹಾಗೇ ಹೋಯಿತು. ಇಲ್ಲಿ ನಾಲ್ಕು ರೂಪಾಯಿಗೆ ಬಗೆಹರಿಯಿತು.

ಆಮೇಲೆ ಕೆರೆಗೆ ಹೋದೆ. ಇಪ್ಪತ್ತೊಂಬತ್ತು ಕುವೆಂಪು ಹುಟ್ಟಿದ ದಿನ ಬೇರೆ. ಅವರು ಓಡಾಡಿ ಪದ್ಯ ಕಟ್ಟಿದ ಕೆರೆಯ ದಡದಲ್ಲಿ ನಾನು ಹೆಜ್ಜೆ ಎಣಿಸುವವಳು. ಅವತ್ತು ಎಣಿಸಲಿಲ್ಲ, ಫೋನ್ ಮನೆಯಲ್ಲೇ ಉಳಿದಿತ್ತು. ನೀರಿನ ಮೇಲಿನ ಮಂಜು ಮೆಲ್ಲಗೆ ಸರಿಯುತ್ತಿತ್ತು. ಹೆಜ್ಜಾರ್ಲೆಗಳು ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿದ್ದವು. ಅವಕ್ಕೂ ಏಳಲು ಮನಸ್ಸಿದ್ದ ಹಾಗೆ ಕಾಣಲಿಲ್ಲ. ಮೊದಲ ಹತ್ತು ನಿಮಿಷ ಮೊಣಕಾಲು ಗೊಣಗಿತು. ಅರ್ಧ ಸುತ್ತು ಹೋಗುವಷ್ಟರಲ್ಲಿ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದೆ.

ಮಾಮಿ ಹೇಳಿದ್ದರಲ್ಲಿ ಇನ್ನೊಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ತಿರುಪ್ಪಾವೈ ಹೇಳುವ ಈ ನೋಂಪಿಯ, ಅಂದರೆ ವ್ರತದ, ಶುರುವಿನಲ್ಲೇ ತುಪ್ಪ ಬೇಡ, ಹಾಲು ಬೇಡ, ಕಾಡಿಗೆ ಬೇಡ, ಹೂವು ಬೇಡ ಎಂದು ಕಟ್ಟುನಿಟ್ಟು. ಇಪ್ಪತ್ತೇಳನೇ ದಿನ ಬಂತೆಂದರೆ ಮೊಣಕೈವರೆಗೆ ತುಪ್ಪ ಸುರಿಯುವ ಹಾಗೆ ಹಾಲನ್ನ. ಅಂದರೆ ಬಿಗಿ ಹಿಡಿಯುವ ದಿನವೂ ಮೊದಲೇ ಗೊತ್ತು, ಸಡಿಲ ಬಿಡುವ ದಿನವೂ ಮೊದಲೇ ಗೊತ್ತು. ನಾನು ಇಷ್ಟು ವರ್ಷ ವಾಕಿಂಗ್ ಶುರು ಮಾಡಿದ್ದೆಲ್ಲ "ಇನ್ನು ಜೀವನಪೂರ್ತಿ" ಅಂತಲೇ. ಡಿಸೆಂಬರ್ ಚಳಿಯಲ್ಲಿ ಜೀವನಪೂರ್ತಿಗೆ ಯಾರು ಏಳುತ್ತಾರೆ? ಸಂಕ್ರಾಂತಿವರೆಗೆ ಅಂದರೆ ಏಳಬಹುದು.

ಹೊಸ ವರ್ಷದ ದಿನ ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಅವತ್ತು ಲಕ್ಷಗಟ್ಟಲೆ ಲಾಡು ಹಂಚುತ್ತಾರೆ, ಕ್ಯೂ ಕೂಡ ಹಾಗೇ ಇರುತ್ತದೆ. ಆ ಕ್ಯೂನಲ್ಲಿ ನಿಂತದ್ದನ್ನೂ ವ್ಯಾಯಾಮಕ್ಕೆ ಸೇರಿಸಿಕೊಂಡೆ, ಮಗಳು ಒಪ್ಪಲಿಲ್ಲ. ಮದುವೆ ಮುಂಜಿಗಳ ಕಾಟ ಇರಲಿಲ್ಲ, ಧನುರ್ಮಾಸದಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಮಧ್ಯೆ ಎರಡು ದಿನ ತಪ್ಪಿತು, ಎರಡು ರೂಪಾಯಿ. ಜನವರಿ ಹನ್ನೊಂದಕ್ಕೆ, ಅಂದರೆ ಇಪ್ಪತ್ತೇಳನೇ ದಿನ, ಮಾಮಿ ಮನೆಯಿಂದ ಬೆಳ್ಳಿ ಬಟ್ಟಲಿನಲ್ಲಿ ಅಕ್ಕಾರವಡಿಸಲ್, ಅದೇ ಆ ತುಪ್ಪದ ಸಿಹಿ ಹಾಲನ್ನ, ಬಂತು. ಮೊಣಕೈವರೆಗೆ ಸುರಿಯಲಿಲ್ಲ, ಮಣಿಕಟ್ಟಿನವರೆಗೆ ಬಂತು. ಪೂರ್ತಿ ತಿಂದೆ. ತಿಂದು ಸಂಪಿಗೆ ಮರದವರೆಗೆ ಹದಿನೈದು ನಿಮಿಷ ನಡೆದು ಬಂದೆ. ಊಟದ ಮೇಲೆ ನಡೆದರೆ ರಕ್ತದಲ್ಲಿ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಎಳೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದು ಆಗ ನೆನಪಾಗಿತ್ತು.

ರಿಪೋರ್ಟ್ 5.9. "ಪರವಾಗಿಲ್ಲ, ಬಿಡಬೇಡಿ" ಅಂದರು. ಅಷ್ಟೇ. ನಾನು ಇನ್ನೂ ಸ್ವಲ್ಪ ಹೊಗಳಿಕೆ ಎಣಿಸಿಕೊಂಡು ಹೋಗಿದ್ದೆ.

ಸಂಕ್ರಾಂತಿಗೆ ಎಳ್ಳು ಬೀರಿದ್ದಾಯಿತು. ಮಾರನೇ ದಿನ ಐದೂಕಾಲಿಗೆ ಎಚ್ಚರವಾಯಿತು. ಅಲಾರಾಂ ಇಟ್ಟಿರಲಿಲ್ಲ. ಕಿಟಕಿಯಿಂದ ನೋಡಿದರೆ ಎದುರು ಮನೆ ಕತ್ತಲು. ಮಾಮಿಯ ಮಾಸ ಮುಗಿದಿತ್ತು. ಶೂ ಹಾಕಿಕೊಂಡು ಗೇಟಿನವರೆಗೆ ಬಂದು ನಿಂತೆ. ಬೆಲ್ ಒತ್ತೋಣವೇ ಅನ್ನಿಸಿತು. ಮೂವತ್ತು ದಿನ ಎದ್ದ ಜೀವ, ಮಲಗಲಿ ಅಂತ ಬಿಟ್ಟೆ.

ಅವತ್ತು ಕೆರೆಯವರೆಗೆ ಹೋಗಲಿಲ್ಲ. ಬೂತಿಗೆ ಹೋಗಿ ಅರ್ಧ ಲೀಟರ್ ಹಾಲು ತಂದೆ. "ಅಜ್ಜಿ ಬರಲಿಲ್ವಾ ಅಕ್ಕಾ?" ಅಂದ ಹುಡುಗ. ಮನೆಗೆ ಬಂದು ದೇವರ ಮನೆಯಲ್ಲಿದ್ದ ಹಳೇ ಕುಂಕುಮದ ಡಬ್ಬಿಯನ್ನು ಒರೆಸಿ, ಅದಕ್ಕೆ ಒಂದು ರೂಪಾಯಿ ಹಾಕಿಟ್ಟೆ.