ಅಮೆರಿಸಿಯಂ, ಕ್ಯೂರಿಯಂ: ಯಾವುದು ಹೆಚ್ಚು ಡೇಂಜರ್?

ನಾನು ಟ್ರಾಂಬೆಯ ಅಣು ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾದವನು ಎಂದು ತಿಳಿದವರೆಲ್ಲ ಈ ಎರಡು ವಿಕಿರಣಶೀಲ ಲೋಹಗಳ ಬಗ್ಗೆ ಕೇಳುವ ಪ್ರಶ್ನೆ ಇದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಯಾವ ಅಮೆರಿಸಿಯಂ, ಯಾವ ಕ್ಯೂರಿಯಂ ಎಂದು ಮೊದಲು ಹೇಳಿ; ಒಂದೇ ಲೋಹದಲ್ಲೂ ಪರಮಾಣುವಿನ ತೂಕ ಬೇರೆಯಾದ ಬಗೆಗಳಿವೆ, ಹೆಸರಿನ ಮುಂದಿನ ಸಂಖ್ಯೆ ಅದನ್ನೇ ಹೇಳುತ್ತದೆ. ಹೊಗೆ ಪತ್ತೆಯ ಉಪಕರಣದಲ್ಲಿ ಬಳಸುವ ಅಮೆರಿಸಿಯಂ-241ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, 432 ವರ್ಷ. ಪ್ರಜ್ಞಾನ್ ರೋವರ್ ಚಂದ್ರನ ಮಣ್ಣು ಪರೀಕ್ಷಿಸಲು ಒಯ್ದ ಕ್ಯೂರಿಯಂ-244ರದು ಬರೀ 18 ವರ್ಷ. ಬೇಗ ಕ್ಷಯಿಸುವುದರಿಂದಲೇ ಅದು ಉಗ್ರ: ಒಂದು ಗ್ರಾಂ ಸುಮಾರು 2.8 ವಾಟ್ ಶಾಖ ಉಗುಳುತ್ತದೆ, ಅಮೆರಿಸಿಯಂನದು 0.11 ವಾಟ್. ಆದರೆ ಕ್ಯೂರಿಯಂ-247 ಒಂದೂವರೆ ಕೋಟಿ ವರ್ಷ ಬಾಳುವ ಸಾಧು. ಎರಡೂ ಲೋಹಗಳು ಕ್ಷಯಿಸುವಾಗ ಹೊರಚಿಮ್ಮುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದ ತಡೆಯುತ್ತದೆ. ಉಸಿರಿನೊಡನೆ ಒಳಹೊಕ್ಕರೆ ಎರಡೂ ಕೆಡುಕೇ. ಉತ್ತರ ಮುಗಿಯಿತು.

ನನಗೆ ಸಿಟ್ಟು ಬರುವುದು ಕೇಳುವ ರೀತಿಗೆ. ಕಳೆದ ಶ್ರಾವಣದಲ್ಲಿ ಡೊಂಬಿವಲಿಯ ನೆಂಟರೊಬ್ಬರು ಇಬ್ಬರು ಬೌಲರ್‌ಗಳನ್ನು ತೂಗುವಂತೆ ಈ ಲೋಹಗಳನ್ನು ತೂಗಿದರು. ಅವರ ತಾಯಿ ಪಕ್ಕದಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕಲ್ಲು ತಗಲಿದ ಕಡೆ ಬೆರಳು ನಿಲ್ಲುತ್ತಿತ್ತು, ಉಗುರಿನಿಂದ ಅದನ್ನು ಬದಿಗೆ ಸರಿಸುತ್ತಿತ್ತು. ಇದನ್ನು ಕೇಳಬಾರದೇ ಎನ್ನಿಸಿತು: ಇವೆರಡನ್ನು ಬೇರ್ಪಡಿಸುವುದು ಹೇಗೆ?

ಎರಡೂ ಬೆಳ್ಳಿಬಣ್ಣದ ಲೋಹಗಳು. ಕರಗುವ ಬಿಂದುವಿನಲ್ಲಿ ವ್ಯತ್ಯಾಸವಿದೆ: ಅಮೆರಿಸಿಯಂ ಸುಮಾರು 1176 ಡಿಗ್ರಿ, ಕ್ಯೂರಿಯಂ 1340ರ ಆಚೀಚೆ. ಆದರೆ ಆಮ್ಲದಲ್ಲಿ ಕರಗಿಸಿದರೆ ಎರಡೂ ಮೂರು ಎಲೆಕ್ಟ್ರಾನ್ ಬಿಟ್ಟು ಕೂರುತ್ತವೆ, ಹಾಗೆ ಎಲೆಕ್ಟ್ರಾನ್ ಬಿಟ್ಟ ಪರಮಾಣುಗಳ, ಅಂದರೆ ಅಯಾನುಗಳ, ಗಾತ್ರವೂ ಬಹುತೇಕ ಒಂದೇ. ಇದು ಅಕ್ಕಿಯಲ್ಲಿ ಬೆರೆತ ಕಲ್ಲಲ್ಲ, ಅಕ್ಕಿಯಲ್ಲಿ ಬೆರೆತ ಅಕ್ಕಿ. 1944ರಲ್ಲಿ ಇವನ್ನು ಕಂಡ ಅಮೆರಿಕದ ರಸಾಯನ ವಿಜ್ಞಾನಿ ಸೀಬೋರ್ಗ್ ಅವರ ತಂಡ ಬೇರ್ಪಡಿಸಲಾರದೆ ಬೇಸತ್ತು ‘ಪ್ಯಾಂಡಿಮೋನಿಯಂ’ (ಗದ್ದಲ), ‘ಡಿಲೀರಿಯಂ’ (ಸನ್ನಿ) ಎಂದು ಅಡ್ಡಹೆಸರಿಟ್ಟಿತ್ತು.

ದಾರಿ ಸಿಗುವುದು ಎಲೆಕ್ಟ್ರಾನ್ ಲೆಕ್ಕದಲ್ಲಿ. ಮೂರನ್ನು ಬಿಟ್ಟ ಕ್ಯೂರಿಯಂನಲ್ಲಿ, 5f ಎಂಬ ಹದಿನಾಲ್ಕು ಎಲೆಕ್ಟ್ರಾನ್ ಹಿಡಿಯುವ ಕಕ್ಷೆಯಲ್ಲಿ, ಏಳು ಎಲೆಕ್ಟ್ರಾನ್‌ಗಳಿವೆ, ಸರಿಯಾಗಿ ಅರ್ಧ ತುಂಬಿದ ಮನೆ. ಅದು ಸುಲಭಕ್ಕೆ ಜಗ್ಗುವುದಿಲ್ಲ. ಆರು ಉಳಿದ ಅಮೆರಿಸಿಯಂಗೆ ಆ ಭದ್ರತೆ ಇಲ್ಲ. ಎಲೆಕ್ಟ್ರಾನ್ ಕಸಿಯುವ ಬಲವಾದ ರಾಸಾಯನಿಕ, ಅಂದರೆ ಉತ್ಕರ್ಷಕ, ಹಾಕಿದರೆ ಇನ್ನೂ ಎರಡು ಮೂರು ಬಿಟ್ಟುಕೊಡುತ್ತದೆ, ಆಗ ಅದರ ವರ್ತನೆಯೇ ಬೇರೆ, ಹಿಡಿದು ತೆಗೆಯಬಹುದು. ಒಂದೇ ಒಂದು ಪ್ರೋಟಾನಿನ ಅಂತರ, 95 ಮತ್ತು 96!

ಇಷ್ಟನ್ನು ಅಂದು ಆ ಅಜ್ಜಿಗೆ ಹೇಳಿದೆ. ಮೊರ ಮಡಿಲಲ್ಲಿಟ್ಟು ಕೇಳಿದರು, “ಆ ಏಳರ ಮೇಲೆ ಎಂಟನೆಯ ಎಲೆಕ್ಟ್ರಾನ್ ಬಂದರೆ?” ಅದು ಮುಂದಿನ ಲೋಹ, ಬರ್ಕೀಲಿಯಂ ಎಂದೆ. ಕುಕ್ಕರ್ ಕೂಗುವವರೆಗೆ ಅದರ ಮಾತೇ ಆಯಿತು.